ಬೆಂಕಿ ಮುಟ್ಟದ ಗೆರೆಗಳು

ಮುಗಳಖೋಡದ ಕಡೆಯಿಂದ ಪಾಲಬಾವಿಗೆ ಬರುವ ಅಪರಿಚಿತನಿಗೆ ಊರು ಎಲ್ಲಿ ಮೊದಲಾಯಿತು, ಎಲ್ಲಿ ಮುಗಿಯಿತು ಎಂಬುದನ್ನು ನಿಶ್ಚಯವಾಗಿ ಹೇಳುವುದು ಸುಲಭವಲ್ಲ. ಗುಡಿ, ಪಂಚಾಯಿತಿಯ ಕಚೇರಿ, ಅಂಗಡಿಗಳ ಸಾಲು, ಗೋಡೆಗೆ ಗೋಡೆ ತಾಗಿಸಿಕೊಂಡು ನಿಂತ ಹಳೆಯ ಮನೆಗಳ ಓಣಿಗಳು, ಇಷ್ಟನ್ನೇ ಊರೆಂದು ಕರೆದರೆ ಆ ಊರಿನ ಎಷ್ಟೋ ಮನೆತನಗಳು ಊರಿನ ಹೊರಗೇ ಉಳಿದುಬಿಡುತ್ತವೆ. ಏಕೆಂದರೆ ಅವು ಕಬ್ಬು, ಗೋವಿನಜೋಳ, ಅರಿಸಿನಗಳ ನಡುವೆ, ತಂತಮ್ಮ ಬಾವಿಯ ಮಗ್ಗುಲಲ್ಲಿ, ಒಂದು ಮನೆಯ ನಾಯಿ ಬೊಗಳಿದ್ದು ಇನ್ನೊಂದು ಮನೆಗೆ ಕೇಳಿಸುವಷ್ಟು ಅಂತರವಿಟ್ಟುಕೊಂಡು ನೆಲೆಸಿವೆ. ಇದು ಬೆಳಗಾವಿ ಜಿಲ್ಲೆಯ ರಾಯಬಾಗ ತಾಲೂಕಿನ ಮಾತಷ್ಟೇ ಅಲ್ಲ. ಚಿಕ್ಕೋಡಿ, ಅಥಣಿ, ಕಾಗವಾಡಗಳ ನೀರಾವರಿ ಸೀಮೆಯಲ್ಲೆಲ್ಲ ಮನೆ ಎಲ್ಲೆಂದು ಕೇಳಿದರೆ ‘ತ್ವಾಟದಾಗ ಇರ್ತೇವ್ರಿ’ ಎಂಬುದೇ ವಿಳಾಸ. ತೋಟದ ಹೆಸರಿನ ಸರಕಾರಿ ಪ್ರಾಥಮಿಕ ಶಾಲೆಗಳು ಈ ತಾಲೂಕುಗಳಲ್ಲಿ ಧಾರಾಳವಾಗಿರುವುದನ್ನು ಕಂಡವರು, ಈ ಚದುರುವಿಕೆ ನಿನ್ನೆ ಮೊನ್ನೆಯದಲ್ಲವೆಂಬುದನ್ನೂ, ಸರಕಾರವೇ ಅದರ ಹಿಂದೆ ನಡೆದು ಬಂದಿದೆಯೆಂಬುದನ್ನೂ ಮನಗಾಣಬಹುದು.

ಹಳೆಯ ಊರು ಚದುರಿರಲಿಲ್ಲ. ಅದಕ್ಕೆ ಅಗಸಿಯಿತ್ತು, ಕೆಲವೆಡೆ ಹುಡೇವೂ ಇತ್ತು, ಸಂಜೆ ದನಗಳು ಒಳಗೆ ಬಂದ ಮೇಲೆ ಅಗಸಿಯ ಬಾಗಿಲು ಮುಚ್ಚಿದರೆ ಊರಿಗೆ ಊರೇ ಒಂದು ಮನೆಯಾಗುತ್ತಿತ್ತು. ದರೋಡೆಯ ಭಯ ಜನರನ್ನು ಒಟ್ಟುಗೂಡಿಸಿತ್ತು. ಮಳೆಯನ್ನೇ ನಂಬಿದ ಬೇಸಾಯ, ಮುಂಜಾನೆ ಹೊಲಕ್ಕೆ ಹೋಗಿ ಸಂಜೆ ಮರಳುವುದಕ್ಕೆ ಅವಕಾಶ ಕೊಟ್ಟಿತ್ತು. ಘಟಪ್ರಭೆಯ ಎಡದಂಡೆ ಕಾಲುವೆ ಬಂದು, ಅನಂತರ ಬಾವಿಗಳೂ ಕೊಳವೆಬಾವಿಗಳೂ ಬಂದು, ಕಬ್ಬೆಂಬ ವರ್ಷಪೂರ್ತಿ ನೀರು ಬೇಡುವ ಬೆಳೆ ನೆಲೆಯೂರಿದಾಗ ಈ ಎರಡು ಕಾರಣಗಳೂ ಸಡಿಲವಾದವು. ಪಂಪಿಗೆ ವಿದ್ಯುತ್ತು ಬರುವ ಹೊತ್ತು ಒಕ್ಕಲಿಗನ ಹೊತ್ತಲ್ಲ; ಅದು ನಡುರಾತ್ರಿಯಲ್ಲಿ ಬಂದರೆ ನಡುರಾತ್ರಿಯಲ್ಲೇ ನೀರು ತಿರುವಬೇಕು. ಎಮ್ಮೆ ಹೊಲದಲ್ಲಿ, ಮೇವು ಹೊಲದಲ್ಲಿ, ಮೋಟಾರು ಹೊಲದಲ್ಲಿ ಇರುವಾಗ ಮನುಷ್ಯನೊಬ್ಬನೇ ಊರಲ್ಲಿರುವುದರಲ್ಲಿ ಅರ್ಥವಿಲ್ಲವೆಂದು ಕಂಡದ್ದು ಸಹಜ. ಮೇಲಾಗಿ ಅಣ್ಣತಮ್ಮಂದಿರು ಬೇರೆಯಾದಾಗ ಊರೊಳಗಿನ ಹಳೆಯ ಮನೆಯನ್ನು ಮೂರಾಗಿ ಸೀಳುವುದಕ್ಕಿಂತ, ಇಬ್ಬರು ತೋಟಕ್ಕೆ ಹೋಗಿ ಪತ್ರಾಸು ಹೊದಿಸಿಕೊಂಡು ನಿಲ್ಲುವುದು ಜಗಳವಿಲ್ಲದ ದಾರಿಯಾಗಿತ್ತು.

ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಕಾಡಿನ ಬೆಂಕಿಗೆ ತುತ್ತಾದ ಉಪನಗರಗಳ ವಿಷಯವನ್ನು ಹೇಳಹೊರಟ ಅಧ್ಯಾಯ ಪಾಲಬಾವಿಯ ಕಬ್ಬಿನ ಹೊಲದಿಂದ ಆರಂಭವಾಗುವುದು ವಿಚಿತ್ರವೆನಿಸಬಹುದು. ಅಲ್ಲಿಯದು ಮೋಟಾರುಕಾರಿನ ಸಂತಾನವಾದ ವಸತಿ, ಇಲ್ಲಿಯದು ಕಾಲುವೆಯ ಸಂತಾನ. ಅಲ್ಲಿ ಮರದ ಮನೆ, ಇಲ್ಲಿ ಇಟ್ಟಿಗೆ ಅಥವಾ ಮಣ್ಣಿನದು. ಅಲ್ಲಿ ಬೆಂಕಿ, ಇಲ್ಲಿ ಹೆಚ್ಚಾಗಿ ಕೃಷ್ಣೆಯ ನೀರು. ಆದರೂ ಮನುಷ್ಯರು ಚದುರಿ ನೆಲೆಸಿದ ಮೇಲೆ ಆಪತ್ತು ಬಂದು, ಆಪತ್ತು ಕಳೆದ ಮೇಲೆ ಪುನಃ ಕಟ್ಟಿಕೊಳ್ಳಬೇಕಾದಾಗ ಏಳುವ ಪ್ರಶ್ನೆ ಎರಡು ಕಡೆಯೂ ಒಂದೇ ಆಗಿದೆ. ಅದೂ ಅಲ್ಲದೆ ಬೆಂಕಿಯ ಸ್ವಭಾವವನ್ನು ತಿಳಿಯಲು ನಮ್ಮ ಸೀಮೆಯವರಿಗೆ ಸಾಗರ ದಾಟಬೇಕಾದ ಅಗತ್ಯವೂ ಇಲ್ಲ.

ಕಾರಖಾನೆಗಳು ಕಬ್ಬು ನುರಿಸುವ ಕಾಲ ಮುಗಿಯುತ್ತ ಬಂದು, ಶಿವರಾತ್ರಿಯ ಅನಂತರದ ಬಿಸಿಲು ಬಲಿಯುವ ಹೊತ್ತಿಗೆ, ಇನ್ನೂ ಕಡಿಯದೆ ಉಳಿದ ಕಬ್ಬಿನ ಕೆಳಗಿನ ಎಲೆಗಳೆಲ್ಲ ಒಣಗಿ ರವದಿಯಾಗಿರುತ್ತವೆ. ಗಾಳಿಗೆ ಜೋತುಬಿದ್ದ ಎರಡು ವಿದ್ಯುತ್ ತಂತಿಗಳು ಒಂದಕ್ಕೊಂದು ತಗುಲಿ ಉದುರಿಸಿದ ಕಿಡಿ ಸಾಕು. ಎಕರೆಗಟ್ಟಲೆ ಬೆಳೆ ಹೊತ್ತಿಕೊಳ್ಳುತ್ತದೆ. ನೋಡಿದವರು ಬಲ್ಲರು: ಆ ಉರಿ ಆಳೆತ್ತರವನ್ನು ಮೀರಿ ಎದ್ದು, ಚಟಚಟನೆ ಸಿಡಿದು, ಒಂದು ಜಾಗದಲ್ಲಿ ನಿಲ್ಲದೆ ಮುಂದಕ್ಕೆ ಓಡುತ್ತದೆ. ಎಲೆ ಸುಟ್ಟು ಹೋಗುತ್ತದೆ, ಕಬ್ಬಿನ ಗಳ ನಿಂತೇ ಇರುತ್ತದೆ. ಅದನ್ನು ಬೇಗ ಕಡಿದು ಸಾಗಿಸದಿದ್ದರೆ ಸಕ್ಕರೆಯಂಶ ಇಳಿಯುವುದೆಂಬುದು ಒಕ್ಕಲಿಗನ ಮರುದಿನದ ಚಿಂತೆ. ಆದರೆ ಇದೇ ಬೆಂಕಿ ಮನೆಯ ಹಿಂದಿನ ಮೇವಿನ ಬಣವೆಯನ್ನು ಹಿಡಿಯಿತೋ, ಅದರ ನಡೆ ಬೇರೆಯಾಗುತ್ತದೆ. ಬಣವೆ ಓಡುವುದಿಲ್ಲ, ಕುಳಿತು ಉರಿಯುತ್ತದೆ. ಹೊರಮೈ ಕಪ್ಪಾದ ಮೇಲೂ ಒಳಗೆ ಕೆಂಡ ಜೀವಂತವಾಗಿರುತ್ತದೆ. ಹೊಲ ಸುಟ್ಟ ಬೆಂಕಿಯಿಂದ ಉಳಿದ ಮನೆ, ಬಣವೆಯ ಬೆಂಕಿಯಿಂದ ಉಳಿಯದೆ ಹೋಗಬಹುದು.

ಈ ಭೇದವನ್ನು ಮಾಪನಗಳಿಂದ ಖಚಿತಪಡಿಸಿದವರಲ್ಲಿ ಅಮೆರಿಕದ ಅರಣ್ಯ ಇಲಾಖೆಯ ವಿಜ್ಞಾನಿ ಜ್ಯಾಕ್ ಕೋಹೆನ್ ಪ್ರಮುಖರು. ನಡುಹಗಲಿನ ನೇರ ಬಿಸಿಲು ಒಂದು ಚದರ ಮೀಟರು ನೆಲದ ಮೇಲೆ ಸುರಿಸುವ ಶಕ್ತಿ ಸುಮಾರು 1 ಕಿಲೋವಾಟು. ಒಣಗಿದ ಮರದ ಹಲಗೆ, ಬಳಿಯಲ್ಲಿ ಕಿಡಿಯೊಂದು ಸಿದ್ಧವಾಗಿದ್ದಾಗಲೂ, ಹೊತ್ತಿಕೊಳ್ಳಬೇಕಾದರೆ ಇದರ ಹನ್ನೆರಡು ಹದಿಮೂರು ಪಟ್ಟು ಉಷ್ಣ ಅದರ ಮೇಲೆ ನಿಮಿಷಗಟ್ಟಲೆ ಎಡೆಬಿಡದೆ ಬೀಳಬೇಕು. ಉರಿಯುವ ವಸ್ತುವಿನಿಂದ ದೂರ ಸರಿದಷ್ಟೂ ವಿಕಿರಣದ ತೀವ್ರತೆ ಬಹು ಬೇಗ ಕುಂದುತ್ತದೆ. 1990ರ ದಶಕದ ಕೊನೆಯಲ್ಲಿ ಕೆನಡದ ವಾಯವ್ಯ ಪ್ರಾಂತದ ಕಾಡಿನಲ್ಲಿ, ಮರಗಳ ನೆತ್ತಿಯವರೆಗೆ ಏರುವ ಬೆಂಕಿಯನ್ನು ಉದ್ದೇಶಪೂರ್ವಕವಾಗಿ ಹೊತ್ತಿಸಿ, ಅದರೆದುರು ಬೇರೆ ಬೇರೆ ದೂರಗಳಲ್ಲಿ ಮರದ ಗೋಡೆಗಳನ್ನು ನಿಲ್ಲಿಸಿ ಪರೀಕ್ಷಿಸಿದಾಗ, 10 ಮೀಟರು ದೂರದ ಗೋಡೆಗಳು ಕೆಲವು ಸಲ ಹೊತ್ತಿದವು, ಕೆಲವು ಸಲ ಹೊತ್ತಲಿಲ್ಲ. 30 ಮೀಟರು ದೂರದವು ಹೊತ್ತಲೇ ಇಲ್ಲ. ಅಷ್ಟು ಭೀಕರವಾದ ಜ್ವಾಲೆಯೂ ಒಂದೆಡೆ ಒಂದೆರಡು ನಿಮಿಷಕ್ಕಿಂತ ಹೆಚ್ಚು ನಿಲ್ಲದು. ಗೋಡೆ ಕಾಯುವ ಮೊದಲೇ ಮುಂದಕ್ಕೆ ಹೋಗಿರುತ್ತದೆ.

ಹಾಗಾದರೆ ಮನೆಗಳು ಸುಡುವುದು ಹೇಗೆ? ಬಹುಮಟ್ಟಿಗೆ ಕಿಡಿಯಿಂದ. ಗಾಳಿಗೆ ಏರಿದ ಕೆಂಡದ ಚೂರುಗಳು ಬೆಂಕಿಯ ಮುಖಕ್ಕಿಂತ ಎಷ್ಟೋ ಮುಂದೆ, ಕೆಲವೊಮ್ಮೆ ಮೈಲಿಗೂ ಮಿಕ್ಕ ದೂರದಲ್ಲಿ, ಮಳೆಯಂತೆ ಉದುರುತ್ತವೆ. ಸೂರಿನ ದೋಣಿಯಲ್ಲಿ ಕೂಡಿದ ಒಣ ಎಲೆ, ಅಟ್ಟಕ್ಕೆ ಗಾಳಿಯಾಡಲು ಬಿಟ್ಟ ಜಾಲರಿ, ಗೋಡೆಗೆ ಆನಿಸಿಟ್ಟ ಸೌದೆ, ಮನೆಗೆ ತಾಗಿದ ಮರದ ಬೇಲಿ, ಇವೇ ಅವುಗಳಿಗೆ ಪ್ರವೇಶದ್ವಾರ. ಹೀಗೆ ಒಂದು ಮನೆ ಹೊತ್ತಿತೆಂದರೆ, ಕಾಡಿನಂತೆ ನಿಮಿಷದಲ್ಲಿ ಮುಗಿಯದೆ, ತನ್ನ ತೊಲೆ ಜಂತಿ ಹಲಗೆ ಪೀಠೋಪಕರಣಗಳನ್ನೆಲ್ಲ ಉಣ್ಣುತ್ತ ಒಂದು ಗಂಟೆಯೋ ಅದಕ್ಕೂ ಹೆಚ್ಚೋ ನಿಂತು ಉರಿಯುತ್ತದೆ. ಮಗ್ಗುಲ ಮನೆ ಕೆಲವೇ ಅಡಿ ದೂರದಲ್ಲಿದ್ದರೆ ಅದರ ಗೋಡೆಗೆ ಬೇಕಾದಷ್ಟು ಉಷ್ಣವೂ ಬೇಕಾದಷ್ಟು ಕಾಲವೂ ದೊರೆಯುತ್ತದೆ. ಉರಿಯುವ ಕಾಡಿಗಿಂತ ಉರಿಯುವ ನೆರೆಮನೆ ಹೆಚ್ಚು ಅಪಾಯಕರವೆಂಬ ಈ ವಿಚಾರ ಮೊದಲು ಕೇಳಿದಾಗ ವಿಪರೀತವೆನಿಸುವುದು; ಸುಟ್ಟ ಉಪನಗರಗಳ ವಿಮಾನಚಿತ್ರಗಳನ್ನು ನೋಡಿದರೆ ನಂಬದೆ ವಿಧಿಯಿಲ್ಲ. ಮನೆಗಳು ಬೂದಿಯಾಗಿ, ಅವುಗಳ ನಡುವಿನ ಮರಗಳು ಹಸಿರಾಗಿಯೇ ನಿಂತಿರುವ ದೃಶ್ಯ ಆ ಚಿತ್ರಗಳಲ್ಲಿ ಸಾಮಾನ್ಯ.

ಇಲ್ಲಿ ಸ್ವಲ್ಪ ರೇಖಾಗಣಿತ ಬೇಕು. 30 ಮೀಟರು ಬಾಹುವಿನ ಚೌಕ ನಿವೇಶನದಲ್ಲಿ ಒಂದೊಂದು ಮನೆಯಂತೆ ನೂರು ಮನೆಗಳು ಕಾಡಿನಲ್ಲೋ ಕಬ್ಬಿನಲ್ಲೋ ಬಿಡಿಬಿಡಿಯಾಗಿ ಇವೆಯೆಂದು ಭಾವಿಸೋಣ. ಪ್ರತಿಯೊಂದರ ಸುತ್ತಳತೆ 120 ಮೀಟರು. ಎಲ್ಲವೂ ಸೇರಿ ಹೊರಗಿನ ಬೆಂಕಿಗೆ ಒಡ್ಡಿದ ಅಂಚು 12,000 ಮೀಟರು. ಅದೇ ನೂರು ನಿವೇಶನಗಳನ್ನು ಹತ್ತು ಹತ್ತರ ಸಾಲಿನಲ್ಲಿ ಒತ್ತಾಗಿ ಕೂಡಿಸಿದರೆ 300 ಮೀಟರು ಬಾಹುವಿನ ಒಂದೇ ಚೌಕವಾಗಿ, ಅದರ ಅಂಚು 1,200 ಮೀಟರಿಗೆ ಇಳಿಯುತ್ತದೆ. ಕಾಯಬೇಕಾದ ಗಡಿ ಹತ್ತನೆಯ ಒಂದು ಪಾಲಾಯಿತು. ನಿವೇಶನವನ್ನೂ ಕಿರಿದಾಗಿಸಿದರೆ ಗಡಿ ಇನ್ನೂ ಮೊಟಕಾಗುತ್ತದೆ. ಆದರೆ ಒತ್ತಾದ ವಸತಿಯೊಳಗೆ ಬೆಂಕಿ ಒಮ್ಮೆ ಹೊಕ್ಕಿತೆಂದರೆ ಮನೆಯಿಂದ ಮನೆಗೆ ಹಾಯುವುದೂ ಅಷ್ಟೇ ಸುಲಭ. ನಡುವೆ ಉರಿಯದ ಗೋಡೆಯಿದ್ದರೆ ಮಾತ್ರ ಅದಕ್ಕೆ ತಡೆ. ಒಟ್ಟಿನಲ್ಲಿ, ಮನೆಗಳು ತೀರ ದೂರವಿದ್ದರೆ ಒಂದರ ಬೆಂಕಿ ಇನ್ನೊಂದಕ್ಕೆ ಮುಟ್ಟದು, ಆದರೆ ಪ್ರತಿಯೊಂದನ್ನೂ ಪ್ರತ್ಯೇಕವಾಗಿ ಕಾಯಬೇಕು. ಗೋಡೆಗೆ ಗೋಡೆ ಕೂಡಿಸಿದ ಇಟ್ಟಿಗೆಯ ಊರಾದರೆ ಅಂಚೊಂದನ್ನು ಕಾದರೆ ಸಾಕು. ಇವೆರಡರ ನಡುವಿನದು, ಒಂದೊಂದು ಮನೆಯ ಸುತ್ತಲೂ ಸ್ವಾತಂತ್ರ್ಯದ ಕುರುಹಾಗಿ ಕೆಲವೇ ಅಡಿಗಳ ಹುಲ್ಲುಹಾಸನ್ನೂ ಮರದ ಬೇಲಿಯನ್ನೂ ಇಟ್ಟುಕೊಂಡು, ಗುಡ್ಡದ ಇಳಿಜಾರಿನವರೆಗೆ ಬೆರಳು ಬೆರಳಾಗಿ ಚಾಚಿದ ಮರದ ಮನೆಗಳ ಉಪನಗರ. ಚದುರಿದ ವಸತಿಯ ನೀಳವಾದ ಅಂಚೂ, ಒತ್ತಾದ ವಸತಿಯ ಸಾಂಕ್ರಾಮಿಕ ದೋಷವೂ ಅದರಲ್ಲಿ ಏಕಕಾಲಕ್ಕೆ ಕೂಡಿವೆ.

ಇಂತಹ ವಸತಿ ಅಮೆರಿಕದಲ್ಲಿ ಅಲ್ಪಸ್ವಲ್ಪವಲ್ಲ. ಕಾಡು ಪೊದೆಗಳು ಮನೆಗಳೊಡನೆ ಕೂಡುವ ಅಂಚಿನ ಪ್ರದೇಶದಲ್ಲಿ 1990ರಲ್ಲಿ 3 ಕೋಟಿ 8 ಲಕ್ಷ ಮನೆಗಳಿದ್ದವು. 2010ರ ಹೊತ್ತಿಗೆ 4 ಕೋಟಿ 34 ಲಕ್ಷವಾದವು. ನಗರದೊಳಗೆ ಹೊಸ ಮನೆಗೆ ಎಡೆ ಸಿಗದಂತೆ ಒಂದು ನಿವೇಶನಕ್ಕೆ ಒಂದೇ ಕುಟುಂಬವೆಂಬ ಕಟ್ಟಳೆಗಳನ್ನು ದಶಕಗಳ ಕಾಲ ಕಾಪಾಡಿಕೊಂಡು ಬಂದದ್ದರಿಂದ, ಕಡಿಮೆ ಬೆಲೆಯ ಮನೆ ಹುಡುಕುವವರು ಹೊರಹೊರಕ್ಕೆ, ಬೆಟ್ಟದ ಬುಡಕ್ಕೆ ಸರಿಯಬೇಕಾಯಿತು. ಸಿಯೆರಾ ನೆವಾಡ ಬೆಟ್ಟಸಾಲಿನ ತಪ್ಪಲಲ್ಲಿ ಪೈನ್ ಮರಗಳ ನಡುವೆ ಬೆಳೆದ ಪ್ಯಾರಡೈಸ್ ಎಂಬ ಊರು ಅಂಥದು. ಬೆಂಕಿಗೆ ಮೊದಲು ಅದರ ಜನಸಂಖ್ಯೆ ಸುಮಾರು 26,000 ಇತ್ತು. 2018ರ ನವೆಂಬರ್ 8ರ ಮುಂಜಾನೆ, ಸುಮಾರು ನೂರು ವರ್ಷ ಹಳೆಯದಾದ ವಿದ್ಯುತ್ ಗೋಪುರವೊಂದರ ಸವೆದ ಕೊಕ್ಕೆ ಮುರಿದು ತಂತಿ ಕಳಚಿತು. ಆ ಕಿಡಿಯಿಂದ ಎದ್ದ ಬೆಂಕಿಗೆ 85 ಮಂದಿ ಬಲಿಯಾದರು, 18,000ಕ್ಕೂ ಮಿಕ್ಕ ಕಟ್ಟಡಗಳು ಉರಿದುಹೋದವು. ತಂತಿಯ ಒಡೆತನದ ಪೆಸಿಫಿಕ್ ಗ್ಯಾಸ್ ಅಂಡ್ ಇಲೆಕ್ಟ್ರಿಕ್ ಕಂಪನಿ 2020ರಲ್ಲಿ ನ್ಯಾಯಾಲಯದೆದುರು 84 ಸಾವುಗಳ ಅಪರಾಧವನ್ನು ಒಪ್ಪಿಕೊಂಡಿತು. ಪಾಲಬಾವಿಯ ಒಕ್ಕಲಿಗನಿಗೆ ಜೋತುಬಿದ್ದ ತಂತಿಯ ಕಥೆಯನ್ನು ಹೆಚ್ಚಾಗಿ ವಿವರಿಸಬೇಕಾದ್ದಿಲ್ಲ.

ಆ ಬೆಂಕಿಯ ಅನಂತರ ನಡೆದ ಅಧ್ಯಯನದಲ್ಲಿ, 1997ಕ್ಕೆ ಮೊದಲು ಕಟ್ಟಿದ ಮನೆಗಳಲ್ಲಿ ನೂರಕ್ಕೆ ಹನ್ನೊಂದರಷ್ಟು ಮಾತ್ರ ಉಳಿದವೆಂದೂ, ಅನಂತರ ಕಟ್ಟಿದವುಗಳಲ್ಲಿ ನೂರಕ್ಕೆ ಮೂವತ್ತೆಂಟರಷ್ಟು ಉಳಿದವೆಂದೂ ಕಂಡುಬಂದಿತು. ಸುಧಾರಿಸಿದ ಛಾವಣಿ, ಕಿಡಿ ನುಗ್ಗದ ಜಾಲರಿ ಮೊದಲಾದವುಗಳ ಫಲ ಇದರಲ್ಲಿ ಸ್ವಲ್ಪವಾದರೂ ಇರಬೇಕು. ಆದರೆ ಅದೇ ಅಧ್ಯಯನದ ಇನ್ನೊಂದು ಫಲಿತಾಂಶ ನಮಗೆ ಹೆಚ್ಚು ಮುಖ್ಯ: ಒಂದು ಮನೆ ಉಳಿಯಿತೇ ಸುಟ್ಟಿತೇ ಎಂಬುದನ್ನು ಬಲವಾಗಿ ನಿರ್ಧರಿಸಿದ ಸಂಗತಿಗಳಲ್ಲಿ, ಅದರ ಮಗ್ಗುಲಲ್ಲಿ ಸುಟ್ಟ ಮನೆ ಎಷ್ಟು ದೂರದಲ್ಲಿತ್ತು ಎಂಬುದೊಂದು. ಹಿಂದಿನ ವರ್ಷ, 2017ರ ಅಕ್ಟೋಬರಿನಲ್ಲಿ, ಸ್ಯಾಂಟ ರೋಸ ನಗರದ ಕಾಫಿ ಪಾರ್ಕ್ ಎಂಬ ಬಡಾವಣೆಯಲ್ಲಿ ಇದನ್ನೇ ಬೇರೊಂದು ರೂಪದಲ್ಲಿ ಜನ ಕಂಡಿದ್ದರು. ಅದು ಕಾಡೂ ಅಲ್ಲ, ಬೆಟ್ಟವೂ ಅಲ್ಲ. ಸಮತಟ್ಟಾದ ನೆಲದ ಮೇಲೆ ಸಾಲಾಗಿ ಕಟ್ಟಿದ ಸಾಧಾರಣ ಮನೆಗಳು. ಆರು ಸಾಲಿನ ಹೆದ್ದಾರಿಯನ್ನು ಕಿಡಿಗಳು ಹಾರಿ ದಾಟಿದ ಮೇಲೆ, ಮನೆಯೇ ಮನೆಗೆ ಉರುವಲಾಗಿ ಬಡಾವಣೆಯೆಲ್ಲ ಒಂದು ರಾತ್ರಿಯಲ್ಲಿ ನೆಲಸಮವಾಯಿತು. ಕೆಲವೇ ವರ್ಷಗಳಲ್ಲಿ ಕಾಫಿ ಪಾರ್ಕ್ ಮತ್ತೆ ಎದ್ದು ನಿಂತಿತು. ಅದೇ ಬೀದಿ, ಅದೇ ನಿವೇಶನ, ಬಹುಮಟ್ಟಿಗೆ ಅದೇ ಅಂತರ.

ಇದಕ್ಕೆ ಕಾರಣವನ್ನು ಹುಡುಕಿಕೊಂಡು ಹೋದರೆ 1666ರ ಲಂಡನ್ನಿಗೆ ತಲುಪುತ್ತೇವೆ. ಆ ಸೆಪ್ಟೆಂಬರಿನಲ್ಲಿ, ಬ್ರೆಡ್ಡು ಸುಡುವವನೊಬ್ಬನ ಮನೆಯಿಂದ ಹುಟ್ಟಿದ ಬೆಂಕಿ 13,200 ಮನೆಗಳನ್ನೂ 87 ಚರ್ಚುಗಳನ್ನೂ ನುಂಗಿ ಆರಿದ ಕೆಲವೇ ದಿನಗಳಲ್ಲಿ, ಕ್ರಿಸ್ಟೋಫರ್ ರೆನ್, ಜಾನ್ ಎವ್ಲಿನ್ ಮೊದಲಾದ ಪ್ರತಿಭಾಶಾಲಿಗಳು ವಿಶಾಲವಾದ ರಾಜಬೀದಿಗಳೂ ವೃತ್ತಗಳೂ ಉಳ್ಳ ಹೊಸ ನಗರದ ನಕ್ಷೆಗಳನ್ನು ದೊರೆಯ ಮುಂದಿರಿಸಿದರು. ಒಂದೂ ಕಾರ್ಯಗತವಾಗಲಿಲ್ಲ. ಮನೆ ಸುಟ್ಟಿತ್ತು, ಮನೆಯ ಕೆಳಗಿನ ನೆಲದ ಹಕ್ಕು ಸುಟ್ಟಿರಲಿಲ್ಲ. ಒಡೆಯನೂ ಬಾಡಿಗೆದಾರನೂ ಬೂದಿಯ ರಾಶಿಯಲ್ಲಿ ತಂತಮ್ಮ ಎಲ್ಲೆಯನ್ನು ಹುಡುಕುತ್ತಿದ್ದರು. ಅವರ ವ್ಯಾಜ್ಯಗಳಿಗಾಗಿಯೇ ಪ್ರತ್ಯೇಕ ನ್ಯಾಯಪೀಠವೊಂದನ್ನು ಸ್ಥಾಪಿಸಬೇಕಾಯಿತು. ಸ್ಥಿತಿಸ್ಥಾಪಕತ್ವದ ನಿಯಮದಿಂದ ನಮ್ಮ ಶಾಲಾಪುಸ್ತಕಗಳಲ್ಲಿ ಇಂದಿಗೂ ಹೆಸರಿರುವ ರಾಬರ್ಟ್ ಹುಕ್, ತನ್ನದೊಂದು ನಕ್ಷೆಯನ್ನೂ ಮಾಡಿದ್ದವನು, ಕೊನೆಗೆ ನಗರದ ಮೋಜಣಿದಾರನಾಗಿ ಆ ಹಳೆಯ ಎಲ್ಲೆಗಳಿಗೆ ಗೂಟ ಹೊಡೆಯಿಸುತ್ತ ತಿರುಗಿದ. 1667ರ ಕಾಯಿದೆ ಮಾಡಿದ್ದು ಇಷ್ಟು: ಮರವನ್ನು ನಿಷೇಧಿಸಿ ಇಟ್ಟಿಗೆ ಕಲ್ಲುಗಳನ್ನು ವಿಧಿಸಿತು, ಕೆಲವು ಬೀದಿಗಳನ್ನು ಅಗಲಿಸಿತು, ಮಗ್ಗುಲ ಮನೆಗಳ ನಡುವಣ ಗೋಡೆಯ ದಪ್ಪವನ್ನು ಗೊತ್ತುಮಾಡಿತು. ಲಂಡನ್ನು ಒತ್ತಾಗಿಯೇ ಉಳಿಯಿತು. ಆದರೂ ಅಂತಹ ಬೆಂಕಿ ಅಲ್ಲಿ ಮರುಕಳಿಸಲಿಲ್ಲ. ಸಾಂದ್ರತೆಯನ್ನೇ ಶತ್ರುವೆಂದು ತಿಳಿಯುವವರು ಈ ಸಂಗತಿಯನ್ನು ಗಮನಿಸಬೇಕು.

ಲಾಸ್ ಏಂಜಲೀಸಿನಲ್ಲಿ 2025ರ ಜನವರಿ 7ರಂದು ಆರಂಭವಾದ ಎರಡು ಬೆಂಕಿಗಳು ಸಮುದ್ರದ ಮಗ್ಗುಲ ಪ್ಯಾಲಿಸೇಡ್ಸನ್ನೂ, ಬೆಟ್ಟದ ಬುಡದ ಆಲ್ಟಡೀನವನ್ನೂ ಹೊಕ್ಕು 16,000ಕ್ಕೂ ಮಿಕ್ಕ ಕಟ್ಟಡಗಳನ್ನು ನಾಶಮಾಡಿದವು. ಬೂದಿ ಆರುವ ಮೊದಲೇ ಹೊರಟ ಆಜ್ಞೆಗಳ ಸಾರವನ್ನು ನೋಡಿದರೆ ಮೂರೂವರೆ ಶತಮಾನಗಳಲ್ಲಿ ಮನುಷ್ಯನ ಮನಸ್ಸು ಬಹಳವೇನೂ ಬದಲಾಗಿಲ್ಲವೆನ್ನಬೇಕು. ಮೊದಲಿದ್ದ ಮನೆಯ ಜಾಗದಲ್ಲೇ, ಮೊದಲಿನ ಅಳತೆಯಲ್ಲೇ, ಹೆಚ್ಚೆಂದರೆ ನೂರಕ್ಕೆ ಹತ್ತು ಪಾಲು ಹಿಗ್ಗಿಸಿ ಕಟ್ಟುವವನಿಗೆ ಪರಿಸರದ ಪರಿಶೀಲನೆ ಮೊದಲಾದ ತೊಡಕುಗಳಿಂದ ವಿನಾಯಿತಿ ದೊರೆಯಿತು. ಬೇರೆ ರೀತಿಯಾಗಿ ಕಟ್ಟಬಯಸುವವನಿಗೆ ಹಳೆಯ ದಾರಿಯೇ ಗತಿ. ಅವಸರವೆಲ್ಲ ಯಥಾಸ್ಥಿತಿಯ ಪಾಲಾಯಿತು. ಒಂದು ನಿವೇಶನವನ್ನು ಎರಡಾಗಿ ವಿಭಾಗಿಸಿ ಹೆಚ್ಚು ಮನೆಗಳನ್ನು ಕಟ್ಟಲು 2022ರಿಂದ ಅವಕಾಶ ಕೊಟ್ಟಿದ್ದ ರಾಜ್ಯದ ಕಾಯಿದೆಯನ್ನು ಸುಟ್ಟ ಪ್ರದೇಶಗಳ ಮಟ್ಟಿಗೆ ತಡೆಹಿಡಿಯಲು ಸ್ಥಳೀಯ ಆಡಳಿತಗಳಿಗೆ ಜುಲೈ ತಿಂಗಳಿನಲ್ಲಿ ರಾಜ್ಯಪಾಲರೇ ಅಧಿಕಾರವಿತ್ತರು. (ಅಲ್ಲಿ ರಾಜ್ಯಪಾಲರೆಂದರೆ ಜನರಿಂದ ಆಯ್ಕೆಯಾಗಿ ಆಳುವವರು, ನಮ್ಮ ರಾಜಭವನದವರಲ್ಲ.) ನಿವಾಸಿಗಳ ವಾದ ಹಗುರವಾದದ್ದಲ್ಲ: ಇಕ್ಕಟ್ಟಾದ ಬೆಟ್ಟದ ದಾರಿಯಲ್ಲಿ ಇರುವ ಜನವೇ ಪಾರಾಗಲು ಪರದಾಡಿದರು, ಇನ್ನು ಇಮ್ಮಡಿ ಜನ ಬಂದರೆ ಗತಿಯೇನು ಎಂಬುದು. ಪ್ಯಾರಡೈಸಿನಲ್ಲಿ ಹೊಗೆಯ ಕತ್ತಲೆಯಲ್ಲಿ ಕಾರುಗಳು ಸಾಲುಗಟ್ಟಿ ನಿಂತುಹೋದದ್ದನ್ನು ಬಲ್ಲವರಾರೂ ಇದನ್ನು ತಳ್ಳಿಹಾಕಲಾರರು. ಎದುರು ಪಕ್ಷದವರು, ಇಲ್ಲಿ ಎಡೆ ಕೊಡದಿದ್ದರೆ ಆ ಜನ ಇನ್ನಷ್ಟು ಆಚೆಯ ಗುಡ್ಡಕ್ಕೆ ಹೋಗಿ ಇನ್ನಷ್ಟು ಅಂಚನ್ನು ಸೃಷ್ಟಿಸುವರೆಂದು ಹೇಳುತ್ತಾರೆ, ಅದೂ ನಿಜವೇ. ನನಗೆ ತೋರುವಂತೆ, ಎಕರೆಗೆ ಎಷ್ಟು ಮನೆಯೆಂದು ಎಣಿಸುವುದರಲ್ಲೇ ಇಬ್ಬರೂ ದಾರಿ ತಪ್ಪುತ್ತಾರೆ. ಮನೆಗಳ ಸಂಖ್ಯೆಗಿಂತ ಅವುಗಳ ಹೊರ ಅಂಚಿನ ಉದ್ದವನ್ನೂ, ಒಳಗಿನ ಗೋಡೆಗಳ ಗುಣವನ್ನೂ ಕೇಳಬೇಕಾಗಿತ್ತು. ಆ ಅಂಚನ್ನು ಮೊಟಕುಮಾಡಬೇಕಾದರೆ ಗುಡ್ಡದ ನಿವೇಶನದವನಿಗೆ ಬಯಲಿನಲ್ಲಿ ಜಾಗ ದೊರೆಯಬೇಕು. ಎಂದರೆ ನಿವೇಶನಗಳ ಗೆರೆ ಕದಲಬೇಕು. ಪ್ಯಾರಡೈಸಿನವರು ಅಂಚಿನ ಕೆಲವು ನಿವೇಶನಗಳನ್ನು ಕೊಂಡು ಬಯಲಾಗಿ ಬಿಡುವ ಕೆಲಸಕ್ಕೆ ಕೈಹಾಕಿದ್ದು ಈ ದಿಕ್ಕಿನಲ್ಲಿ ಒಂದು ಮೆಚ್ಚತಕ್ಕ ಯತ್ನ.

ನಮ್ಮ ಸೀಮೆಯಲ್ಲಿ ಊರನ್ನು ಬರಿದುಮಾಡುವುದು ಕೃಷ್ಣೆ. 2005ರಲ್ಲೂ, ಅದಕ್ಕಿಂತ ಭೀಕರವಾಗಿ 2019ರ ಆಗಸ್ಟಿನಲ್ಲೂ, ಸಹ್ಯಾದ್ರಿಯ ಮಳೆಗೆ ಉಕ್ಕಿದ ಕೃಷ್ಣೆ, ದೂಧಗಂಗಾ, ವೇದಗಂಗಾ ನದಿಗಳು ಇಂಗಳಿ, ಯಡೂರ, ಜುಗೂಳ, ಕುಡಚಿ ಮೊದಲಾದ ತೀರದ ಊರುಗಳನ್ನು ಹೊಕ್ಕವು. ಬೆಂಕಿಯನ್ನು ಲೆಕ್ಕಿಸದೆ ನಿಲ್ಲುವ ದಪ್ಪ ಮಣ್ಣಿನ ಗೋಡೆ ನೀರಿನಲ್ಲಿ ನೆನೆದರೆ ಬುಡದಿಂದಲೇ ಕರಗಿ ಕುಸಿಯುತ್ತದೆ. ಕಳ್ಳಕಾಕರಿಂದಲೂ ಕಿಚ್ಚಿನಿಂದಲೂ ಜೋಳವನ್ನು ಕಾಯುತ್ತಿದ್ದ ನೆಲದೊಳಗಿನ ಹಗೇವು ಪ್ರವಾಹಕ್ಕೆ ಮೊದಲ ತುತ್ತು. ಒಂದು ಆಪತ್ತಿಗೆ ಕವಚವಾದದ್ದು ಇನ್ನೊಂದಕ್ಕೆ ದೌರ್ಬಲ್ಯವಾಗುವ ಈ ವೈಪರೀತ್ಯವನ್ನು ಮನೆ ಕಟ್ಟುವ ನಿಯಮಗಳನ್ನು ಬರೆಯುವವರು ನೆನಪಿಡುವುದೊಳ್ಳೆಯದು. 2019ರಲ್ಲಿ ಪೂರ್ಣವಾಗಿ ಬಿದ್ದ ಮನೆಗೆ ಸರಕಾರ 5 ಲಕ್ಷ ರೂಪಾಯಿಯ ನೆರವು ಘೋಷಿಸಿತು. ಹಣ ಬಂದದ್ದು ಮನೆಯ ಲೆಕ್ಕದಲ್ಲಿ. ಮನೆ ಇದ್ದದ್ದು ಗಾವಠಾಣದ, ಎಂದರೆ ಊರೊಳಗಿನ ವಸತಿ ನೆಲದ, ಹಳೆಯ ಜಾಗದಲ್ಲಿ. ಆದುದರಿಂದ ಬಹುಮಂದಿ ಬುನಾದಿ ತೋಡಿದ್ದೂ ಅಲ್ಲಿಯೇ. ಶಾಶ್ವತ ಸ್ಥಳಾಂತರದ ಬೇಡಿಕೆ ಪ್ರತಿ ನೆರೆಯಲ್ಲಿ ಏಳುತ್ತದೆ, ಕಾಳಜಿ ಕೇಂದ್ರಗಳು ಮುಚ್ಚಿದೊಡನೆ ತಗ್ಗುತ್ತದೆ.

ಸ್ಥಳಾಂತರ ಆದಲ್ಲಿಯೂ ಎಲ್ಲವೂ ನೆಟ್ಟಗಾಯಿತೆಂದಲ್ಲ. 2009ರ ನೆರೆಯ ಅನಂತರ ಉತ್ತರ ಕರ್ನಾಟಕದಲ್ಲಿ ‘ಆಸರೆ’ ಎಂಬ ಹೆಸರಿನಿಂದ ದಾನಿಗಳ ನೆರವಿನಿಂದ ಕಟ್ಟಿಸಿದ ಹೊಸ ಊರುಗಳಲ್ಲಿ, ಸಾಲು ಸಾಲಾಗಿ ನಿಂತ ಮನೆಗಳು ಕೆಲವೆಡೆ ಖಾಲಿ ಬಿದ್ದವು; ಎಮ್ಮೆ ಕಟ್ಟಲು, ಬಣವೆ ಒಟ್ಟಲು, ಕುಳ್ಳು ಬಡಿಯಲು ಅಲ್ಲಿ ಎಡೆಯಿರಲಿಲ್ಲ. ಮನುಷ್ಯರ ಸಾಂದ್ರತೆಯನ್ನು ಲೆಕ್ಕ ಹಾಕಿದವರು ದನಗಳ ಸಾಂದ್ರತೆಯನ್ನು ಮರೆತಿದ್ದರು. ಆಲಮಟ್ಟಿಯ ಹಿನ್ನೀರಿಗೆ ಸಿಕ್ಕಿದ ಬಾಗಲಕೋಟೆಯ ಜನರಿಗಾಗಿ ಚಾರ್ಲ್ಸ್ ಕೊರಿಯಾ ಅವರಂಥ ವಾಸ್ತುಶಿಲ್ಪಿಯ ಯೋಜನೆಯಿಂದ ಎದ್ದ ನವನಗರದ ಕಥೆ ಇದಕ್ಕಿಂತ ಸಮಾಧಾನಕರ. ಆದರೂ ಹಳೆಯ ಓಣಿಯ ಹೆಸರುಗಳ ಬದಲಿಗೆ ಸೆಕ್ಟರುಗಳ ಅಂಕಿಯನ್ನು ವಿಳಾಸವಾಗಿ ಬರೆದುಕೊಂಡ ಜನರಲ್ಲಿ, ನಾಲ್ಕು ಹೆಜ್ಜೆಗೆ ಸಿಗುತ್ತಿದ್ದ ಪೇಟೆಗೆ ಈಗ ಗಾಡಿ ಹತ್ತಬೇಕಾಯಿತೆಂಬ ನಿಟ್ಟುಸಿರು ಉಳಿಯದಿರಲಾರದು.

ಗೆರೆಯನ್ನೇ ಕದಲಿಸಿದ ದೃಷ್ಟಾಂತವೂ ನಮ್ಮ ದೇಶದಲ್ಲಿದೆ. 2001ರ ಜನವರಿ 26ರ ಭೂಕಂಪದಲ್ಲಿ ಕಛ್‌ನ ಭುಜ್ ಪಟ್ಟಣದ ಕೋಟೆಯೊಳಗಿನ ಇಕ್ಕಟ್ಟಾದ ಓಣಿಗಳು ಕುಸಿದ ಮನೆಗಳಿಂದ ಮುಚ್ಚಿಹೋಗಿ, ಬದುಕಿದವರನ್ನು ತೆಗೆಯುವುದೂ ಕಷ್ಟವಾಗಿತ್ತು. ಪುನರ್ನಿರ್ಮಾಣದಲ್ಲಿ ಯೋಜಕರು ಎಲ್ಲರ ನಿವೇಶನಗಳನ್ನೂ ಕಾಗದದ ಮೇಲೆ ಒಟ್ಟುಗೂಡಿಸಿ, ಒಂದಿಷ್ಟು ಪಾಲನ್ನು, ದೊಡ್ಡ ನಿವೇಶನದವರಿಂದ ಹೆಚ್ಚಾಗಿಯೂ ಚಿಕ್ಕವರಿಂದ ಕಡಿಮೆಯಾಗಿಯೂ ತೆಗೆದುಕೊಂಡು, ಅದರಿಂದ ಬೀದಿಗಳನ್ನು ಅಗಲಿಸಿ, ಮಿಕ್ಕದ್ದನ್ನು ಹೊಸ ಆಕಾರದಲ್ಲಿ ಬಹುಮಟ್ಟಿಗೆ ಅದೇ ನೆರೆಹೊರೆಯಲ್ಲೇ ಹಂಚಿದರು. ಈ ಉಪಾಯದ ಮೂಲ 1915ರ ಮುಂಬಯಿ ನಗರಯೋಜನಾ ಕಾಯಿದೆ. ಆಗ ಬೆಳಗಾವಿ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿತ್ತೆಂಬುದನ್ನು ಓದುಗರು ಬಲ್ಲರು. ಅದೇ ಪ್ರಾಂತ 1947ರಲ್ಲಿ, ಮರಾಠಿಯಲ್ಲಿ ತುಕಡೆಬಂದಿಯೆಂದು ಹೆಸರಾದ, ಹೊಲಗಳು ತುಂಡಾಗುವುದನ್ನು ತಡೆದು ಚದುರಿದ ಹಿಡುವಳಿಗಳನ್ನು ಒಗ್ಗೂಡಿಸುವ ಕಾಯಿದೆಯನ್ನೂ ಮಾಡಿತ್ತು. ಎಂದರೆ ಬಿತ್ತುವ ನೆಲವನ್ನು ಒಟ್ಟುಗೂಡಿಸುವ ವಿಚಾರವೂ, ಮನೆಯ ನೆಲವನ್ನು ಹೊಸದಾಗಿ ಹೊಂದಿಸುವ ವಿಚಾರವೂ ಈ ಸೀಮೆಗೆ ಹೊರಗಿನವಲ್ಲ. 1961ರ ನಮ್ಮ ರಾಜ್ಯದ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯಲ್ಲಿಯೂ ಇಂತಹ ಯೋಜನೆಗೆ ಎಡೆಯಿದೆ. ಇರುವ ಎಡೆಯನ್ನು ನೆರೆಯ ಮರುವರ್ಷವಾದರೂ ತೆರೆದು ನೋಡುವವರು ವಿರಳ.

ಪಾಲಬಾವಿಯ ತೋಟಗಳಿಗೆ ಭುಜ್‌ನ ವಿಧಾನ ಹಾಗೆಯೇ ಒಪ್ಪದು. ಇಲ್ಲಿ ಊರಿಗೆ ಊರೇ ಒಮ್ಮೆಗೆ ಬೀಳುವುದಿಲ್ಲ, ಬೀಳಲೆಂದು ಯಾರೂ ಕಾಯುವುದೂ ಇಲ್ಲ. ಇಲ್ಲಿ ಗೆರೆ ಕದಲುವ ಗಳಿಗೆ ಬೆಂಕಿಯದಲ್ಲ, ಆಸ್ತಿ ಹಂಚಿಕೊಳ್ಳುವ ವಾಟ್ನಿಯದು. ತಂದೆ ತೀರಿಕೊಂಡೋ, ಸೊಸೆಯಂದಿರ ಒಲೆ ಬೇರೆಯಾಗಿಯೋ, ನಾಲ್ಕು ಮಂದಿ ಹಿರಿಯರನ್ನು ಕೂಡಿಸಿ, ಮೋಜಣಿದಾರನನ್ನು ಕರೆತಂದು, ಎಂಟು ಎಕರೆಯನ್ನು ನಾಲ್ಕು ಪಟ್ಟಿಯಾಗಿ ಸೀಳಿ ಉತಾರದಲ್ಲಿ ಹಿಸ್ಸೆ ಬರೆಯಿಸುವ ಆ ಒಂದು ದಿನ, ಎಲ್ಲ ಎಲ್ಲೆಗಳೂ ಕೆಲವು ಗಂಟೆಗಳ ಮಟ್ಟಿಗೆ ಮೆತ್ತಗಾಗಿರುತ್ತವೆ. ಆಗ ಮೊದಲು ಚರ್ಚೆಯಾಗುವುದು ಬಾವಿಯ ಪಾಳಿ, ಅನಂತರ ದಾರಿ, ಅನಂತರ ಬದುವಿನ ಮೇಲಿನ ಬೇವು ಯಾರಿಗೆಂಬುದು. ಮನೆ ಎಲ್ಲಿ ಕಟ್ಟಬೇಕೆಂಬುದನ್ನು ಒಬ್ಬರೂ ಎತ್ತುವುದಿಲ್ಲ. ಅವರವರ ಪಟ್ಟಿಯಲ್ಲಿ ಅವರವರ ಇಚ್ಛೆಯೆಂದೇ ಎಲ್ಲರ ಭಾವನೆ. ನಾಲ್ಕು ಮನೆಗಳೂ ರಸ್ತೆಯ ಕಡೆಯ ತುದಿಯಲ್ಲಿ ಗೋಡೆ ಕೂಡಿಸಿಕೊಂಡು ನಿಂತು, ಕಬ್ಬಿನ ಸಾಲಿಗೂ ಅವಕ್ಕೂ ನಡುವೆ ಹತ್ತಿಪ್ಪತ್ತು ಮಾರಿನಷ್ಟು ಹಸಿ ಮೇವನ್ನೋ ಕಾಯಿಪಲ್ಲೆಯನ್ನೋ ಬೆಳೆದುಕೊಂಡು, ನಾಲ್ವರ ಬಣವೆಗಳೂ ಗಾಳಿ ಬರುವ ದಿಕ್ಕನ್ನು ಬಿಟ್ಟು ದೂರದ ಒಂದೇ ಕಣದಲ್ಲಿ ನಿಂತರೆ, ಅಗ್ನಿಶಾಮಕದ ಬಂಡಿಗೆ ನಾಲ್ಕು ದಾರಿಯ ಬದಲು ಒಂದೇ ಅಗಲವಾದ ದಾರಿ ಸಾಕಾಗುತ್ತದೆ. ವಿದ್ಯುತ್ ಕಂಬಗಳೂ ಕಡಿಮೆಯಾಗುತ್ತವೆ, ಕಂಬ ಕಡಿಮೆಯಾದಷ್ಟು ಜೋತುಬೀಳುವ ತಂತಿಯೂ ಕಡಿಮೆ. ಅಣ್ಣತಮ್ಮಂದಿರು ಬೇರೆಯಾಗುವುದೇ ಒಂದೇ ಸೂರಿನ ಕೆಳಗೆ ಬಾಳಲಾರದ್ದಕ್ಕಲ್ಲವೆ, ಮತ್ತೆ ಗೋಡೆ ಕೂಡಿಸಿ ಕಟ್ಟುವರೇ ಎಂಬ ಆಕ್ಷೇಪಕ್ಕೆ ನನ್ನ ಬಳಿ ವಿಜ್ಞಾನದ ಉತ್ತರವಿಲ್ಲ. ಮಗ್ಗುಲ ಮನೆಗಳ ನಡುವೆ ಒಂದರ ಬದಲು ಎರಡು ಗೋಡೆಗಳನ್ನು ಬೆನ್ನಿಗೆ ಬೆನ್ನು ಹಚ್ಚಿ ಕಟ್ಟಿಸಿದರೆ ಬೆಂಕಿಗೂ ಇನ್ನಷ್ಟು ತಡೆಯಾಗುವುದು, ಮಾತು ಕೇಳಿಸುವುದೂ ಕಡಿಮೆಯಾಗುವುದು.